ಆನೆ ಹತ್ತಿರ ಸಿಕ್ಕಿತು ಅಂದ್ರ ಏನರ್ಥ? ಖೆಡ್ಡಾದಿಂದ ಮೊಬೈಲ್‌ವರೆಗೆ ಕಾಡಾನೆ ಫೋಟೊದ ಕಥೆ

ಇವತ್ತಿನ ವಿಷಯ ಕಾಡಾನೆಯ ಫೋಟೊ. ಅದರಾಗೂ ಹತ್ತಿರದಿಂದ ತೆಗೆದ ಫೋಟೊ.

ಧಾರವಾಡ ಜಿಲ್ಲೆ ಅಂದಕೂಡಲೇ ಯಾರಿಗೂ ಆನೆ ನೆನಪಾಗೋದಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲದಾಗ ಚಿಗರಿ ನೋಡಿದವರು ಸಿಗ್ತಾರೆ. ಹುಬ್ಬಳ್ಳಿ-ಧಾರವಾಡದ ಬಸ್ಸಿಗೂ ನಾವು ಚಿಗರಿ ಅಂತಲೇ ಹೆಸರಿಟ್ಟೀವಿ. ಆದರೆ ಕಲಘಟಗಿ ಬ್ಯಾರೆ. ಅದು ಮಲೆನಾಡಿನ ಸೆರಗು. ಪಶ್ಚಿಮಕ್ಕೂ ದಕ್ಷಿಣಕ್ಕೂ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳು ಹತ್ತಿಕೊಂಡಿವೆ. ಅವುಗಳ ಹಿಂದೆ ದಾಂಡೇಲಿ ಕಾಡು. ಮಳೆಗಾಲ ಮುಗಿದು ಭತ್ತ ಕಾಳು ಕಟ್ಟುವ ಹೊತ್ತಿಗೆ, ಕಬ್ಬು ಎದೆಮಟ್ಟ ಬೆಳೆದು ನಿಂತಾಗ, ಆ ಕಡೆಯಿಂದ ಆನೆಗಳು ಕಲಘಟಗಿಯ ಅಂಚಿನ ಹೊಲಗಳಿಗೆ ಇಳಿಯುತ್ತವೆ. ರಾತ್ರಿ ಬಂದು ಮೇದು, ಬೆಳಗಾಗೋದರೊಳಗೆ ಕಾಡಿಗೆ ಹೊಳ್ಳಿ ಹೋಗೋದು ಅವುಗಳ ರೂಢಿ.

ಒಮ್ಮೊಮ್ಮೆ ಹೊಳ್ಳಿ ಹೋಗೋಕೆ ಆಗೋದಿಲ್ಲ. ಬೆಳಕು ಹರಿದುಬಿಡ್ತದೆ. ಆನೆ ಕಬ್ಬಿನ ಹೊಲದಾಗೋ, ಊರ ಪಕ್ಕದ ಕುರುಚಲು ಗಿಡಗಳ ನಡುವೆಯೋ ನಿಂತುಬಿಡ್ತದೆ. ಆಮೇಲೆ ವಾಟ್ಸ್‌ಆ್ಯಪ್ ಗ್ರೂಪಿನ್ಯಾಗ ಒಂದು ಮೆಸೇಜ್ ಬಂದ್ರ ಸಾಕು, ನಾಲ್ಕು ಊರಿನ ಬೈಕುಗಳು ಅಲ್ಲಿ ಸೇರ್ತಾವೆ. ಎಲ್ಲರ ಕೈಯಾಗೂ ಫೋನು.

ಈ ದೃಶ್ಯಕ್ಕೆ ನೂರೈವತ್ತು ವರ್ಷದ ಹಿನ್ನೆಲೆ ಇದೆ ಅಂದ್ರ ನಂಬ್ತೀರೇನ್ರಿ? ಅದನ್ನೇ ಇವತ್ತು ಹೇಳ್ತೀನಿ. ಅದಕ್ಕೂ ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ.

ಫೋನಿನ ಲೆಕ್ಕ

ನಿಮ್ಮ ಫೋನಿನ ಮುಖ್ಯ ಕ್ಯಾಮೆರಾದ ಲೆನ್ಸ್ ಅಗಲದ ಲೆನ್ಸ್. ಹಳೇ ಫಿಲ್ಮ್ ಕ್ಯಾಮೆರಾ ಭಾಷೆಯಲ್ಲಿ ಹೇಳೋದಾದ್ರೆ ಸುಮಾರು 24ರಿಂದ 26 ಎಂ.ಎಂ. ಮದುವಿ ಮನಿಯಾಗ ಹತ್ತು ಮಂದಿಯನ್ನ ಒಂದೇ ಫೋಟೊದಾಗ ಹಿಡಿಯೋಕೆ ಅದು ಭಾಳ ಚಲೋ. ಆದರೆ ದೂರದ್ದನ್ನು ಅದು ಸಣ್ಣದಾಗಿ ಮಾಡ್ತದೆ.

ಒಂದು ಗಂಡಾನೆ ಭುಜದ ತನಕ 2.7 ಮೀಟರ್ ಎತ್ತರ ಇದೆ ಅಂತ ಇಟ್ಕೊಳ್ರಿ. ನೀವು 30 ಮೀಟರ್, ಅಂದ್ರ ಸುಮಾರು 100 ಅಡಿ ದೂರ ನಿಂತು ಫೋನ್ ಅಡ್ಡ ಹಿಡಿದು ಕ್ಲಿಕ್ ಮಾಡಿದ್ರೆ, ಚಿತ್ರದ ಎತ್ತರದಲ್ಲಿ ಆನೆಗೆ ಸಿಗೋದು ಹತ್ತರಲ್ಲಿ ಒಂದು ಪಾಲು ಮಾತ್ರ. ಸ್ಟೇಟಸ್‌ಗೆ ಹಾಕಿದ್ರೆ ಜನ ಕೇಳ್ತಾರೆ, "ಆನೆ ಎಲ್ಲೈತೋ?" ಝೂಮ್ ಮಾಡಿದ್ರೆ ಮುಂಜಾವಿನ ಮಬ್ಬು ಬೆಳಕಿನಾಗ ಎಲ್ಲಾ ಕಲಸಿಹೋಗ್ತದೆ. ಆನೆ ಚಿತ್ರದ ಅರ್ಧದಷ್ಟು ಎತ್ತರ ತುಂಬಬೇಕು ಅಂದ್ರೆ ನೀವು 5ರಿಂದ 6 ಮೀಟರ್ ಹತ್ತಿರಕ್ಕೆ ಹೋಗಬೇಕು. ಇಪ್ಪತ್ತು ಅಡಿ ರೀ. ನಮ್ಮ ಹಳ್ಳಿ ಮನಿಯ ಪಡಸಾಲಿ ಅಷ್ಟು ಉದ್ದ.

ಈಗ ಆನೆಯ ಲೆಕ್ಕ. 2003ರಲ್ಲಿ ಜಾನ್ ಹಚಿನ್ಸನ್ ಮತ್ತು ಅವರ ಜೊತೆಗಾರರು ಥಾಯ್ಲೆಂಡಿನಲ್ಲಿ 42 ಆನೆಗಳನ್ನು ಓಡಿಸಿ, ವಿಡಿಯೊ ತೆಗೆದು, ಅವುಗಳ ವೇಗ ಅಳೆದರು. 'ನೇಚರ್' ಪತ್ರಿಕೆಯಲ್ಲಿ ಬಂದ ಆ ಅಧ್ಯಯನದ ಪ್ರಕಾರ ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಹೋಗಬಲ್ಲದು. ಅಂದ್ರೆ ಸೆಕೆಂಡಿಗೆ ಏಳು ಮೀಟರ್ ಹತ್ತಿರ. ನೀವು ಆರು ಮೀಟರ್ ದೂರದಲ್ಲಿದ್ದರೆ ನಿಮಗೆ ಸಿಗೋದು ಒಂದು ಸೆಕೆಂಡಿಗಿಂತ ಕಡಿಮೆ. ಫೋನ್ ಕಿಸೆಗೆ ಹಾಕೋಕೂ ಅಷ್ಟು ಹೊತ್ತು ಸಾಲೋದಿಲ್ಲ. ನೂರು ಅಡಿ ದೂರದಲ್ಲಿದ್ದರೂ ನಾಲ್ಕೂವರೆ ಸೆಕೆಂಡು. ಹಸಿ ಭತ್ತದ ಗದ್ದೆಯ ಬದುವಿನ ಮ್ಯಾಲ, ಚಪ್ಪಲಿ ಹಾಕ್ಕೊಂಡು, ಹಿಂದೆ ಮಂದಿ ನಿಂತಿರುವಾಗ ನಾಲ್ಕೂವರೆ ಸೆಕೆಂಡಿನಾಗ ಎಷ್ಟು ದೂರ ಓಡ್ತೀರಿ?

ಅದೇ 400 ಎಂ.ಎಂ. ಲೆನ್ಸ್ ಇದ್ದವರು 100 ಮೀಟರ್ ದೂರ ನಿಂತು, ನೀವು ಆರು ಮೀಟರಿನಿಂದ ತೆಗೆದಷ್ಟೇ ದೊಡ್ಡ ಆನೆಯನ್ನು ಚಿತ್ರದಲ್ಲಿ ಹಿಡೀತಾರೆ. ಇದು ಕೇವಲ ಲೆನ್ಸಿನ ವಿಷಯ ಆಗಿದ್ರೆ ಈ ಸಂಚಿಕೆ ಇಲ್ಲಿಗೇ ಮುಗೀತಿತ್ತು. ಆದರೆ ಲೆನ್ಸ್ ಇಲ್ಲದ ಕಾಲದಲ್ಲೂ ಜನ ಕಾಡಾನೆಯ ಫೋಟೊವನ್ನು ಹತ್ತಿರದಿಂದ ತೆಗೆದಿದ್ದಾರೆ. ಹೆಂಗ? ಅಲ್ಲಿಂದ ಶುರು ಮಾಡೋಣ.

ಬೇಲಿಯ ಒಳಗಿನ ಆನೆ

1874. ಮೈಸೂರು ಸಂಸ್ಥಾನ. ಜಿ.ಪಿ. ಸ್ಯಾಂಡರ್ಸನ್ ಅಂತ ಒಬ್ಬ ಇಂಗ್ಲಿಷ್ ಅಧಿಕಾರಿ. ಚಾಮರಾಜನಗರದ ಹತ್ತಿರದ ಕಾಡಿನಲ್ಲಿ ಅವನು ಖೆಡ್ಡಾ ನಡೆಸಿ ಆನೆ ಹಿಂಡನ್ನು ಹಿಡಿದ. ನಾಲ್ಕು ವರ್ಷದ ನಂತರ, 1878ರಲ್ಲಿ, ತನ್ನ ಹದಿಮೂರು ವರ್ಷದ ಕಾಡಿನ ಅನುಭವವನ್ನು ಪುಸ್ತಕ ಮಾಡಿದ. ಅಲ್ಲಿಂದ ಮುಂದೆ ಮೈಸೂರಿನ ಖೆಡ್ಡಾ ಜಗತ್ತಿಗೇ ಹೆಸರುವಾಸಿ ಆಯ್ತು.

ಖೆಡ್ಡಾ ಅಂದ್ರೇನು? ನೂರಾರು ಜನ ಕಾಡಿನಲ್ಲಿ ದೊಡ್ಡ ಸುತ್ತು ಹಾಕಿ ನಿಲ್ತಾರೆ. ರಾತ್ರಿ ಬೆಂಕಿ, ಹಗಲು ತಮಟೆ, ಕೂಗು. ಆನೆ ಹಿಂಡು ಯಾವ ಕಡೆ ಹೋದರೂ ಸದ್ದು. ಸದ್ದಿಲ್ಲದ ಕಡೆ ಒಂದೇ. ಆ ದಾರಿ ಹಿಡಿದು ಹೋದರೆ ಕೊನೆಗೆ ಸಿಗೋದು ದೊಡ್ಡ ದೊಡ್ಡ ಮರದ ದಿಮ್ಮಿಗಳ ಬೇಲಿ, ಕಂದಕ, ಹಿಂದೆ ಬೀಳುವ ಬಾಗಿಲು. ಆಮೇಲೆ ಪಳಗಿದ ಆನೆಗಳ ಮೇಲೆ ಕೂತ ಮಾವುತರು ಒಳಗೆ ಹೋಗಿ ಹಗ್ಗ ಹಾಕ್ತಿದ್ದರು. ಈ ಕೆಲಸ ಮಾಡಿದವರಲ್ಲಿ ಆ ಕಾಡಿನ ಕುರುಬ ಸಮುದಾಯದವರೇ ಹೆಚ್ಚು. ಆನೆಯ ಅತಿ ಹತ್ತಿರ ಹೋದವರು ಅವರು. ಆದರೆ ಫೋಟೊದ ಕೆಳಗೆ ಹೆಸರು ಬಂದದ್ದು ನೋಡಲು ಬಂದ ದೊಡ್ಡ ಮನುಷ್ಯರದು.

ಕಾಕನಕೋಟೆಯಲ್ಲಿ ಇದು ಇನ್ನೂ ದೊಡ್ಡ ಪ್ರದರ್ಶನ ಆಯ್ತು. ಹಿಂಡನ್ನು ಕಬಿನಿ ನದಿಗೆ ಇಳಿಸಿ, ದಾಟಿಸಿ, ಆಚೆ ದಂಡೆಯ ಬೇಲಿಯೊಳಗೆ ತಳ್ಳುವುದು. ಅದನ್ನು ನೋಡೋಕೆ ಅತಿಥಿಗಳಿಗೆ ಎತ್ತರದ ಅಟ್ಟಣಿಗೆ. 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಮೈಸೂರಿಗೆ ಬಂದಾಗಲೂ ಖೆಡ್ಡಾ ಇತ್ತು. ಮುಂದೆ ಐದನೇ ಜಾರ್ಜ್ ದೊರೆಯಾದ ರಾಜಕುಮಾರ 1906ರಲ್ಲಿ ಬಂದಾಗಲೂ ಇತ್ತು.

ಈಗ ಅಂದಿನ ಕ್ಯಾಮೆರಾ ನೆನೆಸಿಕೊಳ್ರಿ. ಪೆಟ್ಟಿಗೆಯಷ್ಟು ದೊಡ್ಡದು, ಮೂರು ಕಾಲಿನ ಸ್ಟ್ಯಾಂಡು, ಒಳಗೆ ಗಾಜಿನ ಪ್ಲೇಟು. ಒಂದು ಫೋಟೊ ತೆಗೆದ ಮೇಲೆ ಪ್ಲೇಟ್ ಬದಲಿಸಬೇಕು. ಕಾಡಿನಲ್ಲಿ ಸ್ವತಂತ್ರವಾಗಿ ತಿರುಗುವ ಆನೆಯ ಮುಂದೆ ಇದನ್ನು ಇಟ್ಟುಕೊಂಡು ನಿಲ್ಲೋದು ಆಗದ ಮಾತು. ಆದರೂ ಖೆಡ್ಡಾದ ಹಳೇ ಫೋಟೊಗಳಲ್ಲಿ ಇಡೀ ಹಿಂಡು ಚಿತ್ರ ತುಂಬಿಕೊಂಡು ನಿಂತಿರ್ತದೆ. ಮರಿಗಳು, ತಾಯಂದಿರು, ಒಬ್ಬರಿಗೊಬ್ಬರು ಒತ್ತಿಕೊಂಡು. ಆ ಫೋಟೊ ನೋಡಿದಾಗೆಲ್ಲ ನನಗೆ ಕಾಣೋದು ಒಂದೇ ವಿಷಯ: ಆನೆ ಕ್ಯಾಮೆರಾದ ಹತ್ತಿರ ಬಂದಿಲ್ಲ. ಅದಕ್ಕೆ ದೂರ ಹೋಗೋಕೆ ದಾರಿ ಉಳಿದಿಲ್ಲ.

ಈ ಮಾತನ್ನ ಸ್ವಲ್ಪ ಕಿವಿಯಾಗ ಇಟ್ಕೊಳ್ರಿ. ಮುಂದೆ ಬೇಕಾಗ್ತದೆ.

1935ರಲ್ಲಿ ರಾಬರ್ಟ್ ಫ್ಲಹರ್ಟಿ ಎಂಬ ಪ್ರಸಿದ್ಧ ಸಾಕ್ಷ್ಯಚಿತ್ರ ನಿರ್ದೇಶಕ ಸಿನಿಮಾ ಮಾಡೋಕೆ ಮೈಸೂರಿಗೆ ಬಂದ. ಮೈಸೂರು ಸೀಮೆಯ ಕಾಡಿನಲ್ಲಿ ಆನೆ ಹಿಂಡನ್ನು ಓಡಿಸಿ ಚಿತ್ರೀಕರಣ ಮಾಡಿದರು. ಕಾರಾಪುರದಲ್ಲಿ ಹುಟ್ಟಿದ, ಅರಮನೆಯ ಆನೆಲಾಯದಲ್ಲಿ ಬೆಳೆದ ಮಾವುತನ ಮಗ ಸಾಬು ಆ ಸಿನಿಮಾದ ನಾಯಕ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು, ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಪಡೀತು. ಸಾಬು ಹಾಲಿವುಡ್ ನಟನಾದ. ಜಗತ್ತಿನ ಜನ ನಮ್ಮ ಕಾಡಾನೆ ಹಿಂಡನ್ನು ದೊಡ್ಡ ಪರದೆಯ ಮೇಲೆ ಹತ್ತಿರದಿಂದ ನೋಡಿದರು. ಆ ಹತ್ತಿರವೂ ಸುತ್ತುಗಟ್ಟಿ ಸಿಕ್ಕಿದ್ದೇ.

ಕೊನೆಯ ಖೆಡ್ಡಾ ಕಾಕನಕೋಟೆಯಲ್ಲಿ 1971ರಲ್ಲಿ ನಡೀತು. ಆಮೇಲೆ ಕಬಿನಿ ಜಲಾಶಯದ ನೀರು ಆ ಜಾಗದ ಮೇಲೆ ನಿಂತಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1977ರಲ್ಲಿ ಆನೆಯನ್ನು ಅದರ ಮೊದಲನೇ ಅನುಸೂಚಿಗೆ ಸೇರಿಸಿದರು. ಅಂದ್ರೆ ಹುಲಿಗೆ ಇರುವಷ್ಟೇ ರಕ್ಷಣೆ.

ಸಂಡೂರಿನ ದಾರಿ

ಖೆಡ್ಡಾ ಇನ್ನೂ ನಡೀತಿದ್ದ ಕಾಲದಲ್ಲೇ ಒಬ್ಬ ಮನುಷ್ಯ ಬ್ಯಾರೆ ದಾರಿ ಹಿಡಿದಿದ್ದರು. ಅವರ ಹೆಸರು ಎಂ. ಕೃಷ್ಣನ್. ಹುಟ್ಟಿದ್ದು 1912, ತಮಿಳು ಲೇಖಕ ಎ. ಮಾಧವಯ್ಯ ಅವರ ಮಗ. ಮದ್ರಾಸಿನವರು ಅಂತ ಎಲ್ಲರೂ ಹೇಳ್ತಾರೆ. ಆದರೆ 1940ರ ದಶಕದಲ್ಲಿ ಅವರು ನಮ್ಮ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಕುರುಚಲು ಗುಡ್ಡಗಳಲ್ಲಿ ತಿರುಗಿ ಪ್ರಾಣಿ ಪಕ್ಷಿ ನೋಡಿದರು. 1950ರಿಂದ 1996ರವರೆಗೆ, ಅಂದ್ರೆ ತೀರಿಕೊಳ್ಳುವವರೆಗೂ, 'ಸ್ಟೇಟ್ಸ್‌ಮನ್' ಪತ್ರಿಕೆಗೆ ಅಂಕಣ ಬರೆದರು. ಪದ್ಮಶ್ರೀಯೂ ಬಂತು.

ಕೃಷ್ಣನ್ ಅವರ ಕ್ಯಾಮೆರಾ ಕೇಳಿದ್ರೆ ನಿಮಗೆ ನಗು ಬರ್ತದೆ. ಬ್ಯಾರೆ ಬ್ಯಾರೆ ಕಡೆಯ ಭಾಗ ಜೋಡಿಸಿ ತಾವೇ ಕಟ್ಟಿಕೊಂಡದ್ದು. ಅದರ ಭಾರಕ್ಕೆ ತಕ್ಕಂಗ 'ಸೂಪರ್ ಪಾಂಡೆರೋಸಾ' ಅಂತ ತಮಾಷೆಯ ಹೆಸರು ಇಟ್ಟಿದ್ದರು. ತೆಗೆದದ್ದು ಹೆಚ್ಚಾಗಿ ಕಪ್ಪು-ಬಿಳುಪು. ಅಷ್ಟರಲ್ಲೇ ದಕ್ಷಿಣದ ಕಾಡುಗಳ ಆನೆಗಳನ್ನು ಹತ್ತಿರದಿಂದ ತೆಗೆದರು.

ಅವರು ಹತ್ತಿರ ಹೋಗುತ್ತಿದ್ದ ಒಂದು ವಿಧಾನ ಪಳಗಿದ ಆನೆಯ ಬೆನ್ನು. ಕಾಡಾನೆಗೆ ಮನುಷ್ಯನ ವಾಸನೆ ಬಂದರೆ ಎಚ್ಚರ ಆಗ್ತದೆ. ಅದೇ ಮನುಷ್ಯ ಇನ್ನೊಂದು ಆನೆಯ ಮೇಲೆ ಕೂತು ಸುಮ್ಮನೆ ಬಂದರೆ ಅನೇಕ ಸಲ ಅದು ತನ್ನ ಪಾಡಿಗೆ ಮೇಯ್ತಾ ಇರ್ತದೆ. ಆದರೆ ಗಾಳಿ ಯಾವ ಕಡೆಯಿಂದ ಬೀಸ್ತದೆ ಅಂತ ನೋಡಬೇಕು. ಮರಿ ಎಲ್ಲಿದೆ ಅಂತ ತಿಳೀಬೇಕು. ಮಾವುತ ಸಾಕು ಅಂದ್ರೆ ಸಾಕು. ಹಿಂಡಿಗೆ ಹೋಗೋಕೆ ದಾರಿ ಯಾವಾಗಲೂ ಬಿಟ್ಟಿರಬೇಕು. ಇಲ್ಲಿ ಹತ್ತಿರ ಇರೋದೋ ದೂರ ಹೋಗೋದೋ ಅನ್ನೋದನ್ನ ತೀರ್ಮಾನ ಮಾಡೋದು ಆನೆ. ಖೆಡ್ಡಾದ ಫೋಟೊಕ್ಕೂ ಕೃಷ್ಣನ್ ಅವರ ಫೋಟೊಕ್ಕೂ ಇರೋ ವ್ಯತ್ಯಾಸ ಇದೇ.

ಅದೇ ಸಂಡೂರಿನ ರಾಜಮನೆತನದ ಎಂ.ವೈ. ಘೋರ್ಪಡೆ ಕೂಡ ಕ್ಯಾಮೆರಾ ಹಿಡಿದರು. ದೇವರಾಜ ಅರಸು ಸರಕಾರದಲ್ಲಿ 1972ರಿಂದ 77ರವರೆಗೆ ಹಣಕಾಸು ಮಂತ್ರಿ ಆಗಿದ್ದವರು. ಬಜೆಟ್ ಮಂಡಿಸೋ ಮನುಷ್ಯ ಬಿಡುವು ಸಿಕ್ಕಾಗ ಕಾಡಿಗೆ ಹೋಗಿ ಫೋಟೊ ತೆಗೀತಿದ್ದರು. 1983ರಲ್ಲಿ ಅವರ ವನ್ಯಜೀವಿ ಛಾಯಾಗ್ರಹಣದ ಪುಸ್ತಕ ಬಂತು. ಬೆಂಗಳೂರಿನಲ್ಲಿ ಟಿ.ಎನ್.ಎ. ಪೆರುಮಾಳ್ ಒಂದು ತಲೆಮಾರಿನ ಹುಡುಗರನ್ನು ತಯಾರು ಮಾಡಿದರು. ಆ ಹೊತ್ತಿಗೆ ಉದ್ದನೆಯ ಲೆನ್ಸುಗಳು ಬಂದಿದ್ದವು, ಕಾಡಿನ ದಾರಿಯಲ್ಲಿ ಜೀಪು ಓಡಾಡತೊಡಗಿತ್ತು. ಛಾಯಾಗ್ರಾಹಕ ಹಿಂದಕ್ಕೆ ಸರಿದು ನಿಂತರೂ ಚಿತ್ರ ಹತ್ತಿರ ಬರತೊಡಗಿತು. ಹೆಂಗ ನೋಡಿದರೂ ಇದು ಆನೆಗೂ ಮನುಷ್ಯನಿಗೂ ಒಳ್ಳೆಯದೇ ಆಯ್ತು.

ಆದರೆ ಆ ವರ್ಷಗಳಲ್ಲೇ ಕಾಡಿನೊಳಗೆ ದಂತಕ್ಕಾಗಿ ಬಂದೂಕೂ ಓಡಾಡ್ತಿತ್ತು. ವೀರಪ್ಪನ್ ಹೆಸರು ಗೊತ್ತಿಲ್ಲದವರು ಯಾರಿದ್ದೀರಿ? 1997ರಲ್ಲಿ ಬಂಡೀಪುರದಲ್ಲಿದ್ದ ಮೈಸೂರಿನ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವರನ್ನೇ ಅವನು ಅಪಹರಿಸಿ 14 ದಿನ ಇಟ್ಕೊಂಡಿದ್ದ. ಆನೆಯ ಕಡೆಯಿಂದ ಯೋಚನೆ ಮಾಡ್ರಿ. ಹಿಂಡಿನ ಸಲಗನಿಗೆ ಗುಂಡು ಬಿದ್ದದ್ದನ್ನು ಕಂಡ ಆನೆಗೆ, ಗಿಡದ ಮರೆಯಲ್ಲಿ ನಿಂತ ಮನುಷ್ಯನ ಕೈಯಲ್ಲಿರೋದು ಕ್ಯಾಮೆರಾ ಅಂತ ಯಾರು ಹೇಳಬೇಕು?

ಫೋಟೊ ಅಂದ್ರೆ ಆನೆಯ ಗುರುತಿನ ಚೀಟಿ

ಹತ್ತಿರದ ಫೋಟೊದಿಂದ ಉಪಯೋಗ ಏನೂ ಇಲ್ಲೇನು ಅಂತ ಕೇಳಬಹುದು. ಐತಿ, ಭಾಳ ಐತಿ.

1981ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಅಧ್ಯಯನ ಶುರು ಮಾಡಿದರು. ಒಂದೊಂದು ಆನೆಯನ್ನು ಬ್ಯಾರೆ ಬ್ಯಾರೆಯಾಗಿ ಗುರುತಿಸಬೇಕಿತ್ತು. ಕಿವಿಯ ಅಂಚು ಎಲ್ಲಿ ಹರಿದಿದೆ, ಕಿವಿಯ ಮೇಲ್ತುದಿ ಎಷ್ಟು ಮಡಚಿದೆ, ದಂತ ಯಾವ ಕಡೆ ಬಾಗಿದೆ, ಬಾಲದ ಕೂದಲು ಎಷ್ಟು ಉಳಿದಿದೆ. ಇವೆಲ್ಲ ಆನೆಯ ಆಧಾರ್ ಕಾರ್ಡ್ ಇದ್ದಂಗ. ಫೋಟೊ ಇದ್ದರೆ ಇವತ್ತು ನೋಡಿದ ಆನೆಯನ್ನು ಮುಂದಿನ ವರ್ಷವೂ ಗುರುತು ಹಿಡಿಯಬಹುದು.

ಹಿಂಗ ಗುರುತು ಹಿಡಿದು ನೋಡಿದಾಗ ನಮ್ಮ ರೈತರಿಗೆ ನೇರವಾಗಿ ಸಂಬಂಧಪಟ್ಟ ಎರಡು ವಿಷಯ ತಿಳೀತು. ಒಂದು, ಬೆಳೆಗೆ ನುಗ್ಗೋದು ಹಿಂಡಿಗಿಂತ ದೊಡ್ಡ ಗಂಡಾನೆಗಳು ಹೆಚ್ಚು. ಎರಡು, ಕಾಡಿನ ಒಣ ಹುಲ್ಲಿಗಿಂತ ಹೊಲದ ರಾಗಿ, ಭತ್ತದಲ್ಲಿ ಪ್ರೋಟೀನ್ ಮತ್ತು ಉಪ್ಪಿನಂಶ ಹೆಚ್ಚು. ಅಂದ್ರೆ ಆನೆ ಹೊಲಕ್ಕೆ ಬರೋದು ಸಿಟ್ಟಿನಿಂದಲ್ಲ, ನಮ್ಮ ಹೊಲದಾಗಿನ ಊಟ ಚಲೋ ಐತಿ ಅಂತ.

ನಮ್ಮ ಪಕ್ಕದ ಬೆಳಗಾವಿಯವರಾದ ಅಜಯ್ ದೇಸಾಯಿ ಇನ್ನೊಂದು ದೊಡ್ಡ ಹೆಸರು. ಮುದುಮಲೈ ಕಾಡಿನಲ್ಲಿ ಆನೆಗಳಿಗೆ ರೇಡಿಯೊ ಕಾಲರ್ ಹಾಕಿ ಅವುಗಳ ಓಡಾಟ ಅರಿತವರು. ಒಂದು ಹಿಂಡಿಗೆ ನೂರಾರು ಚದರ ಕಿಲೋಮೀಟರ್ ತಿರುಗಾಟದ ನೆಲೆ ಇರ್ತದೆ, ಆ ನೆಲೆಯನ್ನು ಅದು ಸುಲಭಕ್ಕೆ ಬಿಡೋದಿಲ್ಲ ಅನ್ನೋದನ್ನು ಅವರಂಥವರ ಕೆಲಸ ತೋರಿಸಿತು. 2020ರ ನವೆಂಬರಿನಲ್ಲಿ ಅವರು ತೀರಿಕೊಂಡರು. ಕಲಘಟಗಿಗೆ ಈ ಮಾತು ಭಾಳ ಮುಖ್ಯ. ಉತ್ತರ ಕನ್ನಡದ ಆನೆಗಳದ್ದು ಸಣ್ಣ ಗುಂಪು, ರಾಜ್ಯದ ಉತ್ತರದ ತುದಿಯ ಗುಂಪು. 2002ರಲ್ಲಿ ಅದರಲ್ಲಿ ಕೆಲವು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯವರೆಗೂ ಹೋದವು. 2015ರಲ್ಲಿ ಸರಕಾರ ದಾಂಡೇಲಿ ಆನೆಧಾಮ ಘೋಷಣೆ ಮಾಡಿತು. ಇವುಗಳಿಗೆ ಹೊಸ ಹೊಲ, ಹೊಸ ರಸ್ತೆ, ಹೊಸ ಜನ ಎಲ್ಲಾ ಎದುರಾಗ್ತಾ ಇದೆ. ಬಂಡೀಪುರದ ಆನೆಯಂತೆ ಇವು ದಿನಾ ಸಫಾರಿ ಜೀಪು ನೋಡಿ ಬೆಳೆದವಲ್ಲ.

1990ರ ದಶಕದಲ್ಲಿ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿ ಎಣಿಸೋಕೆ ಕ್ಯಾಮೆರಾ ಟ್ರ್ಯಾಪ್ ಬಳಸಿದರು. ಮರಕ್ಕೆ ಕಟ್ಟಿದ ಕ್ಯಾಮೆರಾ, ಪ್ರಾಣಿ ಮುಂದೆ ಹಾದರೆ ತಾನೇ ಕ್ಲಿಕ್ ಆಗ್ತದೆ. ಅದರ ಮುಂದೆ ಆನೆಯೂ ಹಾದು ಹೋಗ್ತದೆ, ಒಮ್ಮೊಮ್ಮೆ ಸೊಂಡಿಲಿಂದ ಕಿತ್ತು ಬಿಸಾಡ್ತದೆ. ಇಲ್ಲಿ ಫೋಟೊ ಎಷ್ಟು ಹತ್ತಿರದ್ದಾದರೂ ಕ್ಯಾಮೆರಾದ ಹಿಂದೆ ಮನುಷ್ಯನೇ ಇಲ್ಲ.

ಇಷ್ಟು ದೂರ ಬಂದ ಮೇಲೆ ಈ ಇತಿಹಾಸದ ಗೆರೆ ಸ್ಪಷ್ಟ ಕಾಣ್ತದೆ. ಬೇಲಿಯಿಂದ ಆನೆಯ ಬೆನ್ನಿಗೆ, ಅಲ್ಲಿಂದ ಜೀಪಿಗೆ, ಅಲ್ಲಿಂದ ಮರಕ್ಕೆ ಕಟ್ಟಿದ ಪೆಟ್ಟಿಗೆಗೆ. ನೂರು ವರ್ಷದಲ್ಲಿ ಫೋಟೊ ತೆಗೆಯೋ ಮನುಷ್ಯ ಆನೆಗೆ ಹೆಚ್ಚು ಹೆಚ್ಚು ಜಾಗ ಬಿಟ್ಟ.

ಆಮೇಲೆ ನಮ್ಮ ಕೈಗೆ ಫೋನ್ ಬಂತು.

ಮತ್ತೆ ಖೆಡ್ಡಾ

ಕಬಿನಿಯ ಭೋಗೇಶ್ವರನ ಫೋಟೊ ನೀವು ನೋಡಿರ್ತೀರಿ. ನೆಲ ಮುಟ್ಟೋಕೆ ಬಂದಂಥ ದಂತ, ಒಂದಕ್ಕೊಂದು ಅಡ್ಡ ಬಾಗಿದ್ದವು. ಸಫಾರಿ ಜೀಪಿನ ಹತ್ತಿರವೇ ಶಾಂತವಾಗಿ ಮೇಯ್ತಿದ್ದ. 2022ರ ಜೂನ್‌ನಲ್ಲಿ, ಸುಮಾರು 60ರ ವಯಸ್ಸಿನಲ್ಲಿ, ಸಹಜವಾಗಿ ಸತ್ತ. ಅವನ ವಿಡಿಯೊ ನೋಡಿ ಬೆಳೆದ ನಮಗೆ ಸಲಗ ಅಂದ್ರೆ ಹಿಂಗೇ ಇರ್ತದೆ ಅನ್ನಿಸಿಬಿಟ್ಟಿತು. ಅವನಿಗೆ ಅದು ದಿನಾ ನೋಡೋ ಜೀಪು, ಅದೇ ದಾರಿ, ಕೆಳಗೆ ಇಳಿಯದ ಜನ. ಸುತ್ತ ಇಡೀ ಕಾಡು ಬಾಗಿಲು ತೆರೆದಿತ್ತು. ರೀಲ್ಸಿನಾಗ ಇದ್ಯಾವುದೂ ಕಾಣೋದಿಲ್ಲ.

2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳ ರಸ್ತೆಯಲ್ಲಿ ಒಬ್ಬ ವ್ಯಕ್ತಿ ರಸ್ತೆ ಬದಿಯ ಆನೆಯ ಹತ್ತಿರ ಫೋಟೊಕ್ಕಾಗಿ ಹೋದರು. ಆನೆ ಅಟ್ಟಿಸಿಕೊಂಡು ಬಂತು. ಅವರು ಓಡಿ, ಮುಗ್ಗರಿಸಿ ಬಿದ್ದರು. ಆನೆ ತುಳೀತು. ಜೀವ ಉಳೀತು, ಅದು ಅವರ ಪುಣ್ಯ. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ವಿಡಿಯೊ ನಿಮ್ಮ ಫೋನಿಗೂ ಬಂದಿರ್ತದೆ. ತೆಗೆದವರು ಸುತ್ತ ಕಾರಿನೊಳಗೆ ಇದ್ದವರು. ಬಿದ್ದ ಮನುಷ್ಯನ ಫೋಟೊ ತೆಗೆಯೋಕೆ ಫೋನ್ ಇದ್ದವು ಅನ್ನೋದನ್ನ ಯೋಚನೆ ಮಾಡಿದ್ರೆ ಮನಸ್ಸಿಗೆ ಒಂಥರಾ ಆಗ್ತದೆ.

ಈಗ ಕಲಘಟಗಿಯ ಕಬ್ಬಿನ ಹೊಲಕ್ಕೆ ವಾಪಸ್ ಬರ್ರಿ. ಬೆಳಕು ಹರಿದಿದೆ. ಆನೆ ಒಳಗೆ ನಿಂತಿದೆ. ಪೂರ್ವಕ್ಕೆ ರಸ್ತೆ, ಅಲ್ಲಿ ಬೈಕು. ಉತ್ತರಕ್ಕೆ ಊರು, ಅಲ್ಲಿ ಮಂದಿ. ಬದುವಿನ ಮ್ಯಾಲ ಹುಡುಗೂರು, ಮನಿ ಮಾಳಿಗಿ ಮ್ಯಾಲ ಹೆಣ್ಣುಮಕ್ಕಳು. ಯಾರೋ ಸಿಳ್ಳೆ ಹಾಕ್ತಾರೆ, ಯಾರೋ ಪಟಾಕಿ ಹಚ್ತಾರೆ, ಆನೆ ಹೊರಗೆ ಬಂದ್ರ ಫೋಟೊ ಚಲೋ ಬರ್ತದೆ ಅಂತ. ಕಾಡಿನ ಕಡೆಯ ದಾರಿಯಾಗೂ ನಾಲ್ಕು ಮಂದಿ, ಯಾಕಂದ್ರೆ ಅಲ್ಲಿಂದ ಆ್ಯಂಗಲ್ ಸರಿ ಸಿಗ್ತದೆ.

ಇದು ಏನು ಹೇಳ್ರಿ? ಸುತ್ತು ಹಾಕಿ ನಿಂತ ಜನ, ಸದ್ದು, ಮುಚ್ಚಿದ ದಾರಿ. ಇದು ಖೆಡ್ಡಾ. 1971ರಲ್ಲಿ ಸರಕಾರ ನಿಲ್ಲಿಸಿದ್ದನ್ನು ನಾವು ಮೊಬೈಲ್ ಹಿಡ್ಕೊಂಡು ಮತ್ತೆ ಕಟ್ಟೀವಿ. ಒಂದು ವ್ಯತ್ಯಾಸ ಐತಿ. ಆ ಖೆಡ್ಡಾದಲ್ಲಿ ನೋಡುವವರ ಮುಂದೆ ಮರದ ದಿಮ್ಮಿಯ ಬೇಲಿ ಇತ್ತು, ನುರಿತ ಮಾವುತರಿದ್ದರು, ಪಳಗಿದ ಆನೆಗಳಿದ್ದವು. ನಮ್ಮ ಮುಂದೆ ಏನೂ ಇಲ್ಲ. ಬೇಲಿ ಅಂದ್ರೆ ನಾವೇ.

ಅದಕ್ಕ ನಾನು ಹೇಳೋದು: ಕಾಡಾನೆ ನಿಮಗೆ ಹತ್ತಿರದಿಂದ ಸಿಕ್ಕಿತು ಅಂದ್ರ ಖುಷಿ ಪಡೋಕಿಂತ ಮೊದಲು ಒಂದು ಪ್ರಶ್ನೆ ಕೇಳ್ಕೊಳ್ರಿ. ಇದಕ್ಕೆ ಹೋಗೋಕೆ ದಾರಿ ಐತೇನು? ಆ ದಾರಿಯಾಗ ನಾನೇ ನಿಂತೀನೇನು?

ಇಂಥ ಹೊತ್ತಿನಾಗ ಪೆಟ್ಟು ತಿನ್ನೋರು ಹೆಚ್ಚಾಗಿ ಫೋಟೊ ತೆಗೆದವರೇ ಆಗಿರಬೇಕು ಅಂತ ಇಲ್ಲ. ಗಾಬರಿಯಾದ ಆನೆ ಜನ ಕಡಿಮೆ ಇರೋ ಕಡೆ ನುಗ್ತದೆ. ಆ ಕಡೆ ಹೊಲಕ್ಕೆ ನೀರು ಹಾಯಿಸೋಕೆ ಹೋದ ಮುದುಕ ಇರಬಹುದು, ದನ ಹೊಡಕೊಂಡು ಬಂದ ಅವ್ವ ಇರಬಹುದು. ಅವರಿಗೆ ಮೆಸೇಜೂ ಬಂದಿರೋದಿಲ್ಲ, ಫೋನೂ ಇರೋದಿಲ್ಲ. ಬೆಳೆ ಕಳಕೊಂಡ ರೈತನ ಹೊಲವನ್ನ ಆನೆಗಿಂತ ಹೆಚ್ಚಾಗಿ ನೋಡೋಕೆ ಬಂದ ಮಂದಿ ತುಳಿಯೋದೂ ಉಂಟು.

ಫೋನ್ ಬಿಡಬ್ಯಾಡ್ರಿ, ಬ್ಯಾರೆ ಕೆಲಸಕ್ಕೆ ಹಚ್ರಿ

ಹಂಗಾದ್ರ ಫೋನ್ ಕಿಸೆಯಾಗ ಇಟ್ಟು ಸುಮ್ಮನೆ ಕೂಡೋದೇನು? ಇಲ್ರಿ. ಫೋನ್ ಹಿಡಿದ ಕೈಗೆ ಮಾಡೋಕೆ ಕೆಲಸ ಐತಿ.

ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳ ಪ್ರದೇಶದಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಒಂದು ಪದ್ಧತಿ ಕಟ್ಟಿದರು. ಆನೆ ಎಲ್ಲಿ ಇದೆ ಅಂತ ಸಂಜೆಯೇ ಜನರ ಮೊಬೈಲಿಗೆ ಮೆಸೇಜು ಹೋಗ್ತದೆ. ಆಯಾ ಜಾಗದಲ್ಲಿ ಎತ್ತರದ ಕಂಬದ ಮೇಲೆ ಕೆಂಪು ದೀಪ, ಅದನ್ನು ಮೊಬೈಲಿನಿಂದ ಕರೆ ಮಾಡಿ ಹಚ್ಚಬಹುದು. ದೀಪ ಕಂಡರೆ ಆ ದಾರಿಗೆ ಜನ ಹೋಗೋದಿಲ್ಲ. ನಮ್ಮ ಹಾಸನ ಜಿಲ್ಲೆಯ ಕಾಫಿ ಸೀಮೆಯಲ್ಲೂ ಅರಣ್ಯ ಇಲಾಖೆಯ ಜೊತೆ ಸೇರಿ ಇಂಥ ಮೆಸೇಜು, ಧ್ವನಿ ಕರೆ, ರಸ್ತೆ ಬದಿಯ ಬೋರ್ಡುಗಳನ್ನು ಮಾಡಿದ್ದಾರೆ. ಅದೇ ಫೋನು, ಅದೇ 'ಆನೆ ಬಂದೈತಿ' ಅನ್ನೋ ಮೆಸೇಜು. ಒಂದು ಕಡೆ ಅದು ಮಂದಿಯನ್ನ ಕರೀತದೆ, ಇನ್ನೊಂದು ಕಡೆ ದೂರ ಇಡ್ತದೆ.

ನೀವು ಮಾಡಬಹುದಾದದ್ದು ಇಷ್ಟು. ಆನೆ ಕಂಡ್ರೆ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡ್ರಿ. ಗ್ರೂಪಿಗೆ ಮೆಸೇಜ್ ಹಾಕೋದಾದ್ರೆ ಲೊಕೇಶನ್ ಜೊತೆಗೆ 'ಈ ಕಡೆ ಬರಬ್ಯಾಡ್ರಿ' ಅಂತಲೂ ಬರೀರಿ. ಕಾಡಿನ ಕಡೆಯ ದಾರಿ ಖಾಲಿ ಬಿಡ್ರಿ. ಹಗಲು ಸಿಕ್ಕಿಹಾಕ್ಕೊಂಡ ಆನೆಯನ್ನ ಸಂಜೆ ಮಟ ಸುಮ್ಮನೆ ಬಿಟ್ಟರೆ, ಕತ್ತಲಾದ ಮ್ಯಾಲೆ ತಾನೇ ಹೋಗೋ ಸಾಧ್ಯತೆ ಹೆಚ್ಚು. ಕಿವಿ ಅಗಲಿಸಿ ನಿಂತು ನಿಮ್ಮನ್ನೇ ನೋಡ್ತಿದ್ದರೆ, ಬಾಲ ಎತ್ತಿದ್ದರೆ, ಕಣ್ಣು-ಕಿವಿ ನಡುವೆ ಮದ ಸುರಿದ ಕಲೆ ಕಂಡ್ರೆ, ನೀವು ಆಗಲೇ ಇರಬೇಕಾದ್ದಕ್ಕಿಂತ ಹತ್ತಿರ ಇದ್ದೀರಿ ಅಂತ ಅರ್ಥ. ಹೆದರಿಸೋಕೆ ಬರೋದೋ ನಿಜವಾಗಿ ಬರೋದೋ ಅಂತ ಕಾದು ನೋಡೋಕೆ ಹೋಗಬ್ಯಾಡ್ರಿ.

ಫೋಟೊ ಬೇಕೇ ಬೇಕು ಅನ್ನೋರಿಗೆ ಒಂದು ಒಳ್ಳೆಯ ಫೋಟೊ ಹೇಳ್ತೀನಿ. ಆನೆ ಹೋಗಿ, ಇಲಾಖೆಯವರು ಸರಿ ಅಂದ ಮ್ಯಾಲೆ ಹೊಲಕ್ಕೆ ಹೋಗ್ರಿ. ಹಸಿ ಮಣ್ಣಿನಾಗ ಮುಂಗಾಲಿನ ದುಂಡನೆಯ ಹೆಜ್ಜೆ ಹುಡುಕ್ರಿ. ಪಕ್ಕಕ್ಕೆ ಒಂದು ಪೆನ್ನು ಇಟ್ಟು ಮೇಲಿನಿಂದ ನೇರ ಫೋಟೊ ತೆಗೀರಿ. ಆಮೇಲೆ ದಾರದಿಂದ ಆ ಹೆಜ್ಜೆಯ ಸುತ್ತಳತೆ ಅಳೀರಿ. ಅದರ ಎರಡು ಪಟ್ಟು ಆ ಆನೆಯ ಭುಜದ ಎತ್ತರ, ಹೆಚ್ಚು ಕಡಿಮೆ. ಸುತ್ತಳತೆ 1.35 ಮೀಟರ್ ಬಂತು ಅಂದ್ರೆ ನಿಮ್ಮ ಹೊಲಕ್ಕೆ ಬಂದದ್ದು 2.7 ಮೀಟರಿನ ದೊಡ್ಡ ಆನೆ. ತುಳಿದ ಬೆಳೆಯ ಫೋಟೊನೂ ತೆಗೀರಿ, ಪರಿಹಾರದ ಅರ್ಜಿಗೆ ಅಪ್ಪನಿಗೋ ಕಾಕಾನಿಗೋ ಅದು ಬೇಕಾಗ್ತದೆ. ಆರು ಮೀಟರಿನಿಂದ ಅಲುಗಾಡುವ ಕೈಯಲ್ಲಿ ತೆಗೆದ ಆನೆ ವಿಡಿಯೊಕ್ಕಿಂತ ಈ ಎರಡು ಫೋಟೊ ನಿಮ್ಮ ಮನಿಗೆ ಹೆಚ್ಚು ಉಪಯೋಗ.

2023ರ ಎಣಿಕೆಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಅಂತ ಅಂದಾಜು ಮಾಡಿದರು. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಅದರಲ್ಲಿ ನಮ್ಮ ಕಡೆ ಬರೋವು ಬೆರಳೆಣಿಕೆಯಷ್ಟು. ಸುಗ್ಗಿ ಬಂದಾಗ ಅವು ಮತ್ತೆ ಬರ್ತಾವೆ, ಅದನ್ನ ತಪ್ಪಿಸೋಕೆ ಆಗೋದಿಲ್ಲ. ಅವು ಹೊಳ್ಳಿ ಹೋಗೋ ದಾರಿಯಾಗ ನಾವು ನಿಲ್ಲೋದನ್ನ ತಪ್ಪಿಸಬಹುದು.

ಈ ಸಂಚಿಕೆ ಕಲಘಟಗಿ, ಹಳಿಯಾಳ, ಮುಂಡಗೋಡ ಕಡೆ ನಿಮ್ಮ ಗೆಳೆಯರು ಯಾರಾದ್ರೂ ಇದ್ರೆ ಅವರಿಗೆ ಕಳಸ್ರಿ. ಸುಗ್ಗಿಗಿಂತ ಮೊದಲೇ ಕಳಸ್ರಿ. ಮುಂದಿನ ಸಂಚಿಕೆಯಾಗ ಸಿಗೋಣು. ಬರ್ತೀನ್ರಿ.